ಊಟಕ್ಕೆ ಮುಂಚೆ ಅವನ ಮಾತು

ಹಳೆಯ ವಿದ್ಯಾರ್ಥಿಗಳ ಸಂಘ ಎಂದರೆ ಏನು ಮಹಾ? ವರ್ಷಕ್ಕೊಂದು ದೊಡ್ಡ ಸಭೆ, ನಡುವೆ ನಾಲ್ಕಾರು ಸಣ್ಣ ಸಭೆ, ಸಭೆಗೊಂದು ಜಗಳ. ಈ ಸಂಘವೂ ಹಾಗೆಯೇ ಇತ್ತು. ಶಾಲೆಯ ಪ್ರಯೋಗಾಲಯದ ಸೋರುವ ಚಾವಣಿಗೆ ಹೆಂಚು ಹಾಕಿಸಬೇಕೋ ತಗಡು ಹಾಕಿಸಬೇಕೋ ಎಂದು ಕಿತ್ತಾಡಿ ಕಿತ್ತಾಡಿ ಸುಸ್ತಾಗಿ, ಕೊನೆಗೆ ಚಾವಣಿಯನ್ನು ಅದರ ಪಾಡಿಗೆ ಬಿಟ್ಟು, ಗೇಟಿಗೆ ಬಣ್ಣ ಹೊಡೆಸಿ ತಮ್ಮ ಬೆನ್ನು ತಾವೇ ತಟ್ಟಿಕೊಂಡ ಮಹಾನುಭಾವರು ಇವರು. ಆದರೆ ಈ ಸಂಘದಲ್ಲಿ ಬೇರೆಲ್ಲೂ ಇಲ್ಲದ ಒಂದು ಪದ್ಧತಿಯಿತ್ತು. ವಾರ್ಷಿಕ ಸಭೆಯಲ್ಲಿ ವರದಿ ಓದಿ, ಪದಾಧಿಕಾರಿಗಳನ್ನು ಆರಿಸಿ, ಎಲ್ಲರ ಮೂಗೂ ಅಡುಗೆಯ ವಾಸನೆಯ ಕಡೆ ತಿರುಗುವ ಹೊತ್ತಿಗೆ ಅಧ್ಯಕ್ಷ ಎದ್ದು ನಿಂತು, “ಈಗ ಅವನ ಮಾತು” ಎನ್ನುತ್ತಿದ್ದ. ಎಷ್ಟೇ ಹಸಿದಿದ್ದರೂ ಎಲ್ಲರೂ ತೆಪ್ಪಗೆ ಕೂರುತ್ತಿದ್ದರು.

ಅವನು ಎಂದರೆ ಕನ್ನಡಕದಮ್ಮನ ಮಗ. ಶಾಲೆಯ ಕೊನೆಯ ಪರೀಕ್ಷೆ ಬರೆದು, ಫಲಿತಾಂಶ ಬರುವ ಮೊದಲೇ ಜ್ವರ ಬಂದು ತೀರಿಕೊಂಡ ಹುಡುಗ. ಅವನಮ್ಮ ಬಸ್ ನಿಲ್ದಾಣದ ಎದುರಿನ ಕನ್ನಡಕದ ಅಂಗಡಿಯಲ್ಲಿ ಆಗಲೂ ಕೆಲಸ ಮಾಡುತ್ತಿದ್ದಳು, ಈಗಲೂ ಮಾಡುತ್ತಾಳೆ. ಮಗನ ಜೊತೆ ಓದಿದವರು ಮೂವತ್ತರ ಆಸುಪಾಸಿಗೆ ಬಂದು ಸಂಘ ಕಟ್ಟಿದಾಗ, ಕರೆಯದಿದ್ದರೂ ಬಂದು ಬಾಗಿಲಲ್ಲಿ ನಿಂತಿದ್ದಳು.

“ಮನೇಲಿ ಆಗಿದ್ದೆಲ್ಲ ನನಗೆ ಗೊತ್ತು. ಸ್ಕೂಲಲ್ಲಿ ಆಗಿದ್ದು ಗೊತ್ತಿಲ್ಲ. ಯಾರಿಗಾದ್ರೂ ಏನಾದ್ರೂ ನೆನಪಿದ್ರೆ ಹೇಳ್ತೀರಾ?” ಎಂದು ಕೇಳಿದ್ದಳು.

ಆ ವರ್ಷ ಒಬ್ಬ ಹೇಳಿದ. ಮರುವರ್ಷ ಇನ್ನೊಬ್ಬ. ಹಾಗೆ ಅದು ಪದ್ಧತಿಯಾಯಿತು, ಅವಳು ಎಲ್ಲರಿಗೂ ಅಮ್ಮನಾದಳು. ಗಂಡ ಹೋದ ಮೇಲೆ ಮಗನ ಸುದ್ದಿ ಆಡಲು ಮನೆಯಲ್ಲಿ ಇನ್ನೊಂದು ಜೀವವಿರಲಿಲ್ಲ. ತನ್ನಲ್ಲಿದ್ದ ನೆನಪುಗಳು ಮುಟ್ಟಿ ಮುಟ್ಟಿ ಸವೆದುಹೋಗಿದ್ದವು. ಸಭೆಯಲ್ಲಿ ಸಿಗುವ ಒಂದು ಹೊಸ ಕಥೆಯನ್ನೇ ದಿನಾ ಒಂದಿಷ್ಟು ಮೆಲುಕು ಹಾಕುತ್ತ ಅವಳು ವರ್ಷ ತಳ್ಳುತ್ತಿದ್ದಳು. ಅದೂ ಇಲ್ಲದಿದ್ದರೆ ಹೇಗೆ ಬದುಕುತ್ತಿದ್ದಳೋ ದೇವರಿಗೇ ಗೊತ್ತು.

ಈ ಸಲ ಕಥೆ ಹೇಳಿದವನು ಅಧ್ಯಕ್ಷನೇ. ಅವನಿಗೆ ಶಾಲೆಯಲ್ಲಿ ಪೀಪಾಯಿ ಎಂಬ ಹೆಸರಿತ್ತು. ಈಗ ಬಣ್ಣದ ಅಂಗಡಿ ಇಟ್ಟುಕೊಂಡು ದೊಡ್ಡ ಮನುಷ್ಯನಾಗಿದ್ದಾನೆ, ಸುತ್ತಳತೆಯಲ್ಲೂ ದೊಡ್ಡವನೇ. ಪ್ರವಾಸ ಹೋದಾಗ ಹುಡುಗಿಯೊಬ್ಬಳ ಚಪ್ಪಲಿ ಕೆರೆಯಲ್ಲಿ ತೇಲಿಹೋಯಿತಂತೆ. ಮೇಷ್ಟ್ರು ಬೇಡ ಬೇಡ ಎನ್ನುತ್ತಿದ್ದಂತೆ ಈ ಅಮ್ಮನ ಮಗ ಧುಮುಕಿ, ಕೆರೆಯ ನಡುವಿನವರೆಗೂ ಈಜಿ, ಚಪ್ಪಲಿಯನ್ನು ಬಾಯಲ್ಲಿ ಕಚ್ಚಿಕೊಂಡು ಬಂದನಂತೆ. ಪೀಪಾಯಿ ಕೈಕಾಲು ಆಡಿಸಿ ಈಜಿಯೇ ತೋರಿಸಿದ. ಸಭೆ ಚಪ್ಪಾಳೆ ತಟ್ಟಿತು, ಅವಳೂ ತಟ್ಟಿದಳು.

ಊಟದೆಲೆಯ ಮುಂದೆ ಕೂತಾಗ ಅವಳಿಗೆ ಮಗನ ಕಿವಿ ನೆನಪಾಯಿತು. ಮಗನಿಗೆ ಕೂಸಾಗಿದ್ದಾಗಿನಿಂದ ಕಿವಿ ಸೋರುತ್ತಿತ್ತು. ಸ್ನಾನಕ್ಕೂ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟೇ ನೀರು ಹಾಕಬೇಕು. ಕೆರೆ ಹಾಗಿರಲಿ, ಬಕೆಟ್ಟಿನಲ್ಲಿ ತಲೆ ಅದ್ದಿದವನಲ್ಲ ಅವನು. ಈಜುವುದಂತೂ ಅವನ ಹಣೆಯಲ್ಲೇ ಬರೆದಿರಲಿಲ್ಲ.

ಬೇರೆ ಯಾರದೋ ನೆನಪು ಬೆರೆತಿರಬೇಕು ಎಂದು ಮೊದಮೊದಲು ಸಮಾಧಾನ ಮಾಡಿಕೊಂಡಳು. ಆದರೆ ಸಂಶಯ ಒಂದು ಸಲ ಮನೆ ಹೊಕ್ಕರೆ ಒಂದೇ ಕೋಣೆಯಲ್ಲಿ ಕೂರುತ್ತದೆಯೇ? ಲೆನ್ಸು ಒರೆಸುತ್ತ ಒರೆಸುತ್ತ ಹಿಂದಿನ ವರ್ಷಗಳ ಕಥೆಗಳನ್ನೆಲ್ಲ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡತೊಡಗಿದಳು. ಬೇಸಿಗೆ ಕಳೆದು ಶಾಲೆ ತೆರೆಯಿತು. ಮಳೆಗಾಲದಲ್ಲಿ ಸಂಘ ಮತ್ತೆ ಚಾವಣಿಗಾಗಿ ಸೇರಿ ಮತ್ತೆ ಜಗಳವಾಡಿ ಎದ್ದಿತು. ಅವಳು ಮೂಲೆಯಲ್ಲಿ ಕೂತು, ಇವರಲ್ಲಿ ಯಾರು ನಿಜ ಹೇಳಿದ್ದು, ಯಾರು ಬುರುಡೆ ಬಿಟ್ಟಿದ್ದು ಎಂದು ಮುಖ ಮುಖ ನೋಡಿದಳು.

ಮಳೆ ನಿಂತ ಮೇಲೆ ಪೀಪಾಯಿ ಅಂಗಡಿಗೆ ಬಂದ.

“ಅಮ್ಮಾ, ಅಕ್ಷರ ಎಲ್ಲಾ ಇರುವೆ ಸಾಲಿನ ಹಾಗೆ ಕಾಣ್ತಿದೆ.”

“ನಲವತ್ತಾಯ್ತಲ್ಲಪ್ಪ, ಚಾಳೀಸು ಬಂದಿದೆ. ಕೂತ್ಕೋ.”

ತನ್ನ ಮಗನಿಗೂ ಈಗ ಚಾಳೀಸು ಬರುವ ವಯಸ್ಸು ಎಂಬ ಯೋಚನೆಯನ್ನು ಅವಳು ನುಂಗಿಕೊಂಡಳು. ಅವನ ಮೂಗಿನ ಮೇಲೆ ಒಂದು ಫ್ರೇಮು ಕೂರಿಸುತ್ತ, “ಆ ಕೆರೆ ಎಷ್ಟು ಆಳ ಇತ್ತಪ್ಪ?” ಎಂದಳು.

“ಯಾವ ಕೆರೆ?” ಎಂದ ಪೀಪಾಯಿ. ಅಂದವನಿಗೆ ಥಟ್ಟನೆ ನೆನಪಾಯಿತು. ಕನ್ನಡಿಯಲ್ಲಿ ಅವನ ಮುಖ ಇಳಿದುಹೋಯಿತು.

“ಅವನಿಗೆ ಈಜು ಬರ್ತಿರಲಿಲ್ಲ,” ಎಂದಳು ಅವಳು.

“ಅಮ್ಮಾ, ಬೈಬೇಡಿ. ಇದ್ದಿದ್ದೆಲ್ಲ ಹೇಳಿ ಮುಗೀತು. ನೀವು ಅಷ್ಟು ಆಸೆಯಿಂದ ಬಂದು ಕೂತಿರ್ತೀರ, ಏನೂ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಸಭೆಗೆ ಮುಂಚೆ ನಾವು ನಾಲ್ಕು ಜನ ಕೂತು ಏನೋ ಒಂದು ಕಟ್ತಿದ್ವಿ.”

“ಯಾವಾಗಿಂದ?”

“ಮೊದಲಿನ ಮೂರ್ನಾಲ್ಕು ನಿಜ, ದೇವರಾಣೆಗೂ.”

“ಕುರುಡು ತಾತನ್ನ ರಸ್ತೆ ದಾಟಿಸಿದ್ದು?”

ಅವನು ಫ್ರೇಮು ತೆಗೆದು ಅವಳ ಮುಂದಿಟ್ಟ.

“ಚರಂಡೀಲಿ ಬಿದ್ದ ನಾಯಿಮರಿ?”

“ಅದು ನನ್ನ ಮಗಳು ಓದ್ತಿದ್ದ ಪುಸ್ತಕದ್ದು.”

ಅವಳು ಫ್ರೇಮಿನ ಕಡ್ಡಿಯನ್ನು ಬಿಸಿ ಮಾಡಿ, ಬಗ್ಗಿಸಿ, ಅವನ ಕಿವಿಗೆ ಸರಿಯಾಗಿ ಕೂರಿಸಿ ಕಳಿಸಿದಳು. ಕೆಲಸದ ಮೇಲೆ ಕೋಪ ತೀರಿಸಿಕೊಳ್ಳುವವಳಲ್ಲ ಅವಳು. ಅವನು ಹೋದ ಮೇಲೆ ಮಾತ್ರ ಒಳಗೆ ಹೋಗಿ, ಲೆನ್ಸು ಕತ್ತರಿಸುವ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತಳು. ಮಗ ಎರಡನೇ ಸಲ ಸತ್ತಿದ್ದ. ಈ ಸಲ ಹೋದವನು ಯಾರೆಂಬುದೂ ಅವಳಿಗೆ ಗೊತ್ತಾಗಲಿಲ್ಲ. ನಾಯಿಮರಿಯನ್ನು ಎದೆಗೆ ಅವಚಿಕೊಂಡ ಆ ಹುಡುಗನನ್ನು ಅದೆಷ್ಟು ಮುದ್ದು ಮಾಡಿದ್ದಳು! ಅವನು ಯಾರ ಹೊಟ್ಟೆಯಲ್ಲೂ ಹುಟ್ಟಿದವನಲ್ಲ.

ಆಮೇಲೆ ಅವಳು ಸಂಘದ ಕಡೆ ತಲೆ ಹಾಕಲಿಲ್ಲ. ಡ್ರಿಲ್ ಮೇಷ್ಟ್ರು ತೀರಿಕೊಂಡಾಗ ಸಂತಾಪ ಸಭೆ ನಡೆಯಿತು, ಹೋಗಲಿಲ್ಲ. ಕಾರ್ಯದರ್ಶಿ, ಆಕೆ ಹಲ್ಲಿನ ಡಾಕ್ಟರು, ಎರಡು ಸಲ ಬಂದು ಕರೆದಳು. ಇವಳು ಮಂಡಿ ನೋವು ಎಂದು ಹೇಳಿ ಕಳಿಸಿದಳು. ಮಂಡಿಗೆ ಏನೂ ಆಗಿರಲಿಲ್ಲ, ನೋಯುತ್ತಿದ್ದುದು ಬೇರೆ ಜಾಗ.

ಚಳಿಗಾಲದ ಒಂದು ಮಧ್ಯಾಹ್ನ ಗುಬ್ಬಿ ಬಂದ. ಇವನೂ ಮಗನ ಜೊತೆ ಓದಿದವನೇ. ಆಗಲೂ ಗುಬ್ಬಿಯಷ್ಟೇ, ಈಗಲೂ ಗುಬ್ಬಿಯಷ್ಟೇ. ಲಿಫ್ಟ್ ರಿಪೇರಿ ಮಾಡುತ್ತಾನೆ. ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಕೂತಿದ್ದು, ‘ಅವನ ಮಾತು’ ಶುರುವಾದ ಕೂಡಲೇ ಕೈತೊಳೆಯುವ ನೆಪದಲ್ಲಿ ಹೊರಗೆ ಹೋಗಿಬಿಡುತ್ತಿದ್ದ. ಅವನಿಗೂ ಚಾಳೀಸು ಬಂದಿತ್ತು, ಸಣ್ಣ ವೈರು ಸರಿಯಾಗಿ ಕಾಣುತ್ತಿರಲಿಲ್ಲವಂತೆ.

ಕನ್ನಡಕ ಹಾಕಿ, ಕಡ್ಡಿ ಸರಿಪಡಿಸಲು ಅವಳು ಅವನ ಬಲಗಿವಿಗೆ ಕೈ ಹಾಕಿದಳು. ಅವನು ಬೆಚ್ಚಿ ತಲೆ ಹಿಂದೆ ಎಳೆದುಕೊಂಡ.

“ನೋವಾಯ್ತೇನಪ್ಪ?”

“ಇಲ್ಲಮ್ಮ. ಹಳೇ ಅಭ್ಯಾಸ.”

ಅವಳು ಕೈ ಕೆಳಗಿಳಿಸಿದಳು. “ನೀನೊಬ್ಬ ಮಾತ್ರ ಇದುವರೆಗೂ ಅವನ ಬಗ್ಗೆ ಏನೂ ಹೇಳಿಲ್ಲ,” ಎಂದಳು.

“ನನಗೆ ಕಟ್ಟೋಕೆ ಬರಲ್ಲಮ್ಮ.”

“ಕಟ್ಟಬೇಡ. ಆದದ್ದು ಹೇಳು.”

ಅವನು ಕನ್ನಡಿಗೆ ಹೇಳುವವನಂತೆ ಹೇಳಿದ.

“ಅವನ ಕಿವಿ ವಾಸನೆ ಬರ್ತಿತ್ತಲ್ಲ. ಒಂದು ಸಲ ನಾನು ಮೂಗು ಮುಚ್ಕೊಂಡೆ, ಎಲ್ಲರೂ ನಕ್ಕರು. ಅವತ್ತಿಂದ ಶುರುವಾಯ್ತು. ಈ ಕಿವಿ ಹಿಂಡ್ತಿದ್ದ, ಗೋಡೆಗೆ ಒತ್ತಿ ಹಿಡಿದು. ಸ್ಕೂಲು ಬಿಡೋ ತನಕ ದಿನಾ. ನಾನು ಹೊಟ್ಟೆನೋವು ಅಂತ ಸುಳ್ಳು ಹೇಳಿ ಮನೇಲಿ ಉಳ್ಕೊಳ್ತಿದ್ದೆ. ಅವನು ಹೋಗ್ಬಿಟ್ಟ ಅಂತ ಸುದ್ದಿ ಬಂದಾಗ ನಾನು ಅಳಲಿಲ್ಲಮ್ಮ.”

ಅವಳು ಒಂದು ಸ್ಟೂಲು ಎಳೆದುಕೊಂಡು ಅವನ ಪಕ್ಕ ಕೂತಳು.

“ಒಂದು ಮಾತ್ರ ನನಗೆ ಯಾವತ್ತೂ ಅರ್ಥ ಆಗಲಿಲ್ಲ,” ಎಂದ ಗುಬ್ಬಿ. “ನಾನು ಅಳು ನಿಲ್ಲಿಸೋ ತನಕ ಕಾಯ್ತಿದ್ದ. ಆಮೇಲೆ ತಾನೇ ನನ್ನ ಶರಟಿನ ಗುಂಡಿ ಹಾಕಿ, ಕಾಲರ್ ನೆಟ್ಟಗೆ ಮಾಡಿ, ‘ಹೋಗು, ಮುಖ ತೊಳ್ಕೊಂಡು ಬಾ, ಏನೂ ಆಗಿಲ್ಲ’ ಅಂತಿದ್ದ.”

ಆ ಮಾತು ಅವಳದೇ. ದಿನವಿಡೀ ನಿಂತು ದುಡಿದು ಬಂದು, ಯಾರದೋ ಮೇಲಿನ ಸಿಟ್ಟನ್ನು ಮಗನ ಬೆನ್ನ ಮೇಲೆ ಇಳಿಸಿ, ಆಮೇಲೆ ಅವನ ಗುಂಡಿ ಹಾಕುತ್ತ ಅವಳು ಹೇಳುತ್ತಿದ್ದ ಮಾತು. ಜಗತ್ತಿನಲ್ಲಿ ಅದನ್ನು ಕೇಳಿದವನು ಒಬ್ಬನೇ. ಅವನು ಅದನ್ನು ಹಾಗೆಯೇ ಶಾಲೆಗೆ ಒಯ್ದಿದ್ದ.

ನಾಚಿಕೆಯೂ ದುಃಖವೂ ಒಟ್ಟೊಟ್ಟಿಗೆ ಬಂದವು. ಅವೆರಡರ ಜೊತೆಗೆ ಇನ್ನೊಂದು ಬಂತು, ಅದನ್ನು ಸಂತೋಷವೆಂದು ಹೇಳಿಕೊಳ್ಳಲು ಅವಳಿಗೇ ಹೆದರಿಕೆಯಾಯಿತು. ಕಿವಿ ಹಿಂಡಿ ಗುಂಡಿ ಹಾಕಿದ ಈ ಹುಡುಗ ಅವನೇ. ಇವನು ತನ್ನ ಮಗನೇ.

“ಇನ್ನೇನ್ ಮಾಡ್ತಿದ್ದ?” ಎಂದಳು.

“ಸಾಕಮ್ಮ.”

“ನನಗೆ ಸಾಕಾಗಿಲ್ಲ ಕಣಪ್ಪ, ಹೇಳು.”

ಗುಬ್ಬಿ ಹೇಳಿದ. ಗಿರಾಕಿಗಳು ಬಂದು ಕಾದು ಹೋದರು. ಎದ್ದು ಹೊರಟವನ ಕೈ ಹಿಡಿದು ಅವಳು, “ಕ್ಷಮೆ ಕೇಳೋ ವಯಸ್ಸಿಗೆ ಅವನು ಬರಲೇ ಇಲ್ಲ. ಅವನ ಬದಲು ನಾನು ಕೇಳ್ತೀನಿ. ನನ್ನ ಬದಲೂ ನಾನೇ ಕೇಳ್ತೀನಿ,” ಎಂದಳು. ಗುಬ್ಬಿ ಕೈ ಬಿಡಿಸಿಕೊಳ್ಳಲಿಲ್ಲ.

ಮತ್ತೆ ವಾರ್ಷಿಕ ಸಭೆ ಬಂತು. ಅವಳು ಒಳಗೆ ಕಾಲಿಟ್ಟ ಕೂಡಲೇ ಪೀಪಾಯಿಯ ಮುಖ ಹುಳಿ ತಿಂದಂತಾಯಿತು. ವರದಿ ಮುಗಿಯಿತು, ಚುನಾವಣೆ ಮುಗಿಯಿತು, ಅವನೇ ಮತ್ತೆ ಅಧ್ಯಕ್ಷನಾದ. ರೂಢಿಬಲದಿಂದ “ಈಗ ಅವನ ಮಾತು” ಎಂದುಬಿಟ್ಟು, ಮುಂದೇನು ಹೇಳುವುದೆಂದು ತಿಳಿಯದೆ ಕನ್ನಡಕ ತೆಗೆದು ಒರೆಸತೊಡಗಿದ. ಅವಳು ಎದ್ದು ನಿಂತಳು.

“ಈ ಸಲ ನಾನು ಹೇಳ್ತೀನಿ. ನನ್ನ ಮಗ ನಿಮ್ಮಲ್ಲೊಬ್ಬರಿಗೆ ತುಂಬ ಹಿಂಸೆ ಕೊಟ್ಟಿದ್ದಾನೆ. ಅವರ ಹೆಸರು ಹೇಳಲ್ಲ. ಒಳ್ಳೆ ಹುಡುಗನ ಕಥೆ ಕೇಳಿ ಕೇಳಿ ಹೊಟ್ಟೆ ತುಂಬ್ತು ನನಗೆ. ಅವನು ಕೊಟ್ಟ ಕಾಟ ಇನ್ನೇನಾದ್ರೂ ಇದ್ರೆ ಹೇಳಿ. ನಾನು ಬೇಜಾರು ಮಾಡ್ಕೊಳ್ಳಲ್ಲ.”

ಸತ್ತವನ ದೂರನ್ನು ಅವನ ತಾಯಿಗೇ ಹೇಳುವುದು ಹೇಗೆ? ಕೊನೆಗೆ ಬಾಯಿ ಬಿಟ್ಟವಳು ಹಲ್ಲಿನ ಡಾಕ್ಟರು.

“ನನ್ನ ಜಡೆಗೆ ಚೂಯಿಂಗ್ ಗಮ್ ಅಂಟಿಸಿದ್ದ ಅಮ್ಮ. ಕೂದಲು ಕತ್ತರಿಸಬೇಕಾಯ್ತು. ವಾರಗಟ್ಟಲೆ ಅತ್ತಿದ್ದೆ.”

“ನನ್ನ ಡಬ್ಬಿ ದಿನಾ ಅವನೇ ಖಾಲಿ ಮಾಡ್ತಿದ್ದ,” ಎಂದ ಪೀಪಾಯಿ. “‘ನೀನು ಒಂದು ಹೊತ್ತು ಉಪವಾಸ ಇದ್ರೆ ನಿನಗೇ ಒಳ್ಳೇದು’ ಅಂತ ಬುದ್ಧಿ ಬೇರೆ ಹೇಳ್ತಿದ್ದ.”

ಯಾರೋ ಕಿಸಕ್ಕನೆ ನಕ್ಕರು. ಅವಳೂ ನಕ್ಕಳು. ಅಲ್ಲಿಗೆ ಕಟ್ಟೆ ಒಡೆಯಿತು. ಸೈಕಲ್ ಚಕ್ರದ ಗಾಳಿ ಬಿಟ್ಟಿದ್ದು, ಮೇಷ್ಟ್ರ ನಡಿಗೆ ಅಣಕಿಸಿದ್ದು, ಕಾಪಿ ಹೊಡೆದು ಪಕ್ಕದವನ ಮೇಲೆ ಹಾಕಿದ್ದು, ಸೋತ ಆಟದಲ್ಲಿ ಚೆಂಡನ್ನೇ ಚರಂಡಿಗೆ ಎಸೆದಿದ್ದು. ನೆನಪು ಖಾಲಿಯಾಗಿಯೇ ಇರಲಿಲ್ಲ. ಒಳ್ಳೆಯದು ಮಾತ್ರ ಖಾಲಿಯಾಗಿತ್ತು. ಅಡುಗೆಯವನು ಬಾಗಿಲಲ್ಲಿ ಇಣುಕಿ ಇಣುಕಿ ನೋಡಿ, ಪಾತ್ರೆ ಮುಚ್ಚಿಟ್ಟು ಹೋದ. ಗುಬ್ಬಿ ಕೊನೆಯ ಸಾಲಿನಲ್ಲೇ ಕೂತಿದ್ದ, ಹೊರಗೆ ಎದ್ದು ಹೋಗಲಿಲ್ಲ.

ಸಂಜೆ ಅವಳು ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಚಪ್ಪಲಿಯನ್ನೂ ಬಿಡದೆ, ಕೋಣೆಯ ನಡುವೆ ನಿಂತು ಬೈಯಲು ಶುರುಮಾಡಿದಳು.

“ನಾಚಿಕೆ ಆಗಲ್ವೇನೋ ನಿನಗೆ? ಬಡಪಾಯಿ ಹುಡುಗನ ಕಿವಿ ಹಿಂಡೋಕೆ ನಾನು ನಿನ್ನನ್ನ ಸ್ಕೂಲಿಗೆ ಕಳಿಸಿದ್ದಾ? ಮಂದಿ ಡಬ್ಬಿ ತಿನ್ನೋಕೆ ಮನೇಲಿ ಅನ್ನ ಇರಲಿಲ್ವಾ? ಮುಖ ಎತ್ತಿ ಮಾತಾಡು. ನಾನು ಹೊಡೆದ್ರೆ ನೀನೂ ಹೊಡೀಬೇಕಾ?”

ಅವನು ಹೋದ ಮೇಲೆ ಇಷ್ಟು ವರ್ಷದಲ್ಲಿ ಒಂದು ದಿನವೂ ಅವಳು ಅವನನ್ನು ಬೈದಿರಲಿಲ್ಲ. ಸತ್ತ ಮಗನನ್ನು ಬೈಯುವ ತಾಯಿ ಎಲ್ಲಿದ್ದಾಳೆ? ಇವತ್ತು ಬದುಕಿರುವ ಮಗನನ್ನು ಬೈಯುವ ಹಾಗೆ ಬಾಯಿತುಂಬ ಬೈದಳು. ಬೈಯುತ್ತ ಬೈಯುತ್ತ ಥಟ್ಟನೆ ನಿಲ್ಲಿಸಿದಳು. ಬದುಕಿದ್ದಾಗ ಅವನು ಬೈಗುಳವನ್ನು ಪೂರ್ತಿ ಕೇಳಿಸಿಕೊಂಡವನೇ ಅಲ್ಲ. ನಡುವೆಯೇ ಬಾಯಿ ಹಾಕಿ ಎದುರುತ್ತರ ಕೊಡುತ್ತಿದ್ದ. ಅವನು ಬಾಯಿ ಹಾಕುವ ಜಾಗ ಬಂದಿತ್ತು.

ಕಾದಳು.

“ಎದುರು ಮಾತಾಡೋ,” ಎಂದಳು. “ಮಾತಾಡೋ ನನ್ನ ಕಂದ, ಬೈಯಲ್ಲ.”

ಆಮೇಲೆ ನೆಲದ ಮೇಲೆ ಕೂತು, ಅವನನ್ನು ಹೊತ್ತುಕೊಂಡು ಹೋದ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತಳು.