ಆರು ಗುಂಡಿಯ ಅಂಗಿ

ಡೈರಿಯ ಮೇವು ಕತ್ತರಿಸುವ ಯಂತ್ರ ಅವನ ಬಲಗೈಯನ್ನು ಮಣಿಕಟ್ಟಿನವರೆಗೆ ಒಯ್ದು ಹದಿನಾಲ್ಕು ತಿಂಗಳಾಗಿತ್ತು. ಎಡಗೈಯ ಹೆಬ್ಬೆರಳೂ ಮಡಚುತ್ತಿರಲಿಲ್ಲ. ಪರಿಹಾರ ಕೊಡಬೇಕಾದ ಧಣಿ, ಆಳು ಮೊದಲಿನಂತೆಯೇ ದುಡಿಯಬಲ್ಲ ಎಂದು ತಕರಾರು ಹೂಡಿದ್ದ. ತಕರಾರು ಬಿದ್ದುಹೋದರೆ ತಡಮಾಡಿದ್ದಕ್ಕೆ ದಂಡವನ್ನೂ ತೆರಬೇಕಿತ್ತು.

ವಿಚಾರಣೆಯ ದಿನ ಕಚೇರಿಯ ಜಗಲಿಯಲ್ಲಿ ಅವನನ್ನು ಕಂಡ ಕಾರ್ಮಿಕ ಸಂಘದ ಕಾರ್ಯದರ್ಶಿ ಹಣೆ ಚಚ್ಚಿಕೊಂಡ.

"ಅಲ್ಲಪ್ಪಾ, ಮದುಮಗನ ಹಾಗೆ ಬಂದಿದ್ದೀಯಲ್ಲ. ಆರೂ ಗುಂಡಿ ಹಾಕ್ಕೊಂಡು."

"ದೊಡ್ಡೋರ ಮುಂದೆ ಎದೆ ಬಿಟ್ಕೊಂಡು ನಿಲ್ಲೋಕಾಗುತ್ತಾ?"

"ಯಾರು ಹಾಕಿದ್ರು ಅಂದ್ರೆ ಅಕ್ಕ ಅನ್ನು."

"ಅಕ್ಕ ತೀರ್ಕೊಂಡು ಆರು ವರ್ಷ ಆಯ್ತು."

"ವಕೀಲನಿಗೇನು ಗೊತ್ತು ಅದು?"

ಒಳಗೆ ಪರಿಹಾರದ ಅಧಿಕಾರಿಯ ಎದುರು ಧಣಿಯ ವಕೀಲ ಬಲು ಅಕ್ಕರೆಯಿಂದಲೇ ಕೇಳಿದ. "ಅಂಗಿ ಯಾರು ತೊಡಿಸಿದ್ರಣ್ಣಾ?"

ಅಕ್ಕನ ಮಾತು ನಾಲಗೆಯ ತುದಿಗೆ ಬಂದು ನಿಂತಿತು. "ನಾನೇ" ಎಂದ.

"ಅಡುಗೆ?"

"ನಾನೇ."

"ಬಟ್ಟೆ ಒಗೆಯೋದು?"

"ನಾನೇ. ಮನೇಲಿ ಇನ್ಯಾರಿದ್ದಾರೆ?"

"ಬರ್ಕೊಳ್ಳಿ ಮೇಡಂ, ಎಲ್ಲಾ ತಾನೇ ಮಾಡ್ತಾನಂತೆ."

ಕಾರ್ಯದರ್ಶಿ ತಲೆ ತಗ್ಗಿಸಿದ. ಅಧಿಕಾರಿ ಬರೆದುಕೊಳ್ಳಲಿಲ್ಲ. ಕನ್ನಡಕ ತೆಗೆದು, "ಗುಂಡಿ ಬಿಚ್ಚಿ, ಮತ್ತೆ ಹಾಕಿ ತೋರಿಸಿ" ಎಂದರು.

ಬಿಚ್ಚುವುದು ಬೇಗ ಆಯಿತು. ಆಮೇಲೆ ಅವನು ಸುತ್ತ ನೋಡಿದ. "ಬಾಗಿಲು ಹಾಕ್ಲಾ ತಾಯಿ? ಚಿಲಕ ಬೇಕು."

ಬಾಗಿಲು ಮುಚ್ಚಿ, ಎಲ್ಲರಿಗೂ ಬೆನ್ನು ಮಾಡಿ, ಅಂಗಿಯ ಅಂಚನ್ನು ಚಿಲಕಕ್ಕೆ ಸಿಕ್ಕಿಸಿದ. ಬಟ್ಟೆ ಬಿಗಿಯಾಗುವಷ್ಟು ಹಿಂದಕ್ಕೆ ವಾಲಿ ಎರಡು ಬೆರಳಲ್ಲಿ ಗುಂಡಿಯನ್ನು ತೂತಿನತ್ತ ದೂಡಿದ. ಅದು ತೂತಿನ ಬಾಯಿಗೆ ಬಂದು ಜಾರಿತು. ಮತ್ತೆ ದೂಡಿದ. ಕಾರ್ಯದರ್ಶಿ ಎದ್ದ, ಅಧಿಕಾರಿ ಕೈಸನ್ನೆಯಲ್ಲೇ ಕೂರಿಸಿದರು. ಕೋಣೆಯಲ್ಲಿ ಉಗುರು ಹಲಗೆಗೆ ತಾಕುವ ಸದ್ದೊಂದೇ.

"ದಿನಾ ಹೀಗೇನಾ?"

"ಹೂಂ ತಾಯಿ. ನಮ್ಮನೆ ಚಿಲಕ ಸ್ವಲ್ಪ ಕೆಳಗಿದೆ, ಅಲ್ಲಿ ಸಲೀಸು." ಬಾಗಿಲಿಗೇ ಹೇಳಿದಂತಿತ್ತು.

ಮೂರನೆಯ ಗುಂಡಿ ಹಾಕಿ ಮುಗಿಸುವಷ್ಟರಲ್ಲಿ ಹದಿನೆಂಟು ನಿಮಿಷವಾಗಿತ್ತು. "ಸಾಕು ಮೇಡಂ" ಎಂದ ವಕೀಲ, ಕಡತದಿಂದ ಕಣ್ಣೆತ್ತದೆ.

ಅಧಿಕಾರಿ ಬೆರಳಚ್ಚಿನವಳಿಗೆ ಹೇಳಿ ಬರೆಸಿದರು: ತಕರಾರು ವಜಾ, ಪೂರ್ತಿ ಪರಿಹಾರ, ತಡಕ್ಕೆ ದಂಡ.

"ಗೆದ್ವಲ್ಲೋ, ಬಾ" ಎಂದ ಕಾರ್ಯದರ್ಶಿ.

"ಇರಿ, ಇನ್ನೂ ಮೂರಿವೆ."

ಹೊರಗಿನಿಂದ ಮುಂದಿನ ಕೇಸಿನವರು ಬಾಗಿಲು ತಟ್ಟಿದರು. ಜವಾನ ಎದ್ದುಬಂದು ಅಂಚನ್ನು ಚಿಲಕದಿಂದ ಬಿಡಿಸಿ, ಉಳಿದ ಗುಂಡಿಗಳನ್ನು ಹಾಕತೊಡಗಿದ. ಅವನು ಕೈ ಇಳಿಬಿಟ್ಟು ಗದ್ದ ಎತ್ತಿಕೊಟ್ಟ.

"ಆಯ್ತು ಯಜಮಾನ್ರೇ, ದಾರಿ ಬಿಡಿ" ಎಂದ ಜವಾನ.

ಅವನು ಗದ್ದ ಇಳಿಸದೆ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದ.