ನಿರ್ತುವಿನ ಮೂರು ಗಂಡು ಗಿಡಗಳು

ದಾಬೆ ರಾಮ ಅಂಗಳಕ್ಕೆ ಬಂದಾಗ ನಿರ್ತು ಒಲೆಯ ಮುಂದೆ ಕೂತು ಹಬೆಯಲ್ಲಿ ಬೇಯಿಸುವ ಸಿಡ್ಡುವಿಗೆ ಹಿಟ್ಟು ನಾದುತ್ತಿದ್ದಳು. ಗಂಡನ ತಮ್ಮ ಹೊತ್ತಲ್ಲದ ಹೊತ್ತಿನಲ್ಲಿ ಬಂದನೆಂದರೆ ಒಂದೋ ಏನಾದರೂ ಬೇಕಾಗಿರುತ್ತದೆ, ಇಲ್ಲವೇ ಏನಾದರೂ ಕೆಟ್ಟಿರುತ್ತದೆ. ಈ ಮನೆಗೆ ಸೊಸೆಯಾಗಿ ಬಂದು ಮೂವತ್ತೈದು ವರ್ಷದಲ್ಲಿ ಅವಳು ಕಲಿತ ಪಾಠ ಅದು. ಅವನು ಕೂರಲಿಲ್ಲ. ಭಂಗಿ ಗಿಡದ ಹೂಗೊನೆಯೊಂದನ್ನು ಅವಳ ಮೂಗಿನ ಮುಂದೆ ಹಿಡಿದು ಉಗುರಿನಿಂದ ಸೀಳಿದ. ಒಳಗೆ ಹಸಿರಾದ ಎಳೆ ಬೀಜ ಮೂರು ಕಂಡವು.

"ನೋಡು ಅತ್ತಿಗೆ, ಕಣ್ತುಂಬ ನೋಡು. ನಿನ್ನ ಗಂಡು ಗಿಡದ ಪುಣ್ಯ ಇದು."

"ನನ್ನ ಗಂಡು ಗಿಡ ಇನ್ನೂ ಮೊಗ್ಗೇ ಬಿಚ್ಚಿಲ್ಲ ಕಣೋ. ಯಾರ ಮನೆ ಕೂಸು ತಂದು ಯಾರ ಮಡಿಲಿಗೆ ಹಾಕ್ತಾ ಇದೀಯ?"

"ಮಾತು ಬ್ಯಾಡ. ಈವತ್ತೇ ಕಿತ್ತಾಕು. ಇಲ್ದಿದ್ರೆ ದೇವ್ರ ಅಂಗಳದಲ್ಲಿ ಸೇರೋಣ."

"ಸೇರೋಣ ನಡಿ. ಸಿಡ್ಡು ತಿಂದ್ಕೊಂಡು ಬರ್ತೀನಿ," ಎಂದಳು ನಿರ್ತು. ನಾದುವ ಕೈ ನಿಲ್ಲಿಸಲಿಲ್ಲ. ಅವನು ದುರುದುರು ಹೊರಟುಹೋದ.

ಬೀಜ ಕಟ್ಟಿದ ಹೂವನ್ನು ಯಾವ ವ್ಯಾಪಾರಿಯೂ ಕಣ್ಣೆತ್ತಿ ನೋಡುವುದಿಲ್ಲ. ಅಂಗೈಯಲ್ಲಿ ಉಜ್ಜಿದರೆ ಅಂಟು ಕಡಿಮೆ, ಚರಸ್ಸಿನಲ್ಲಿ ಸತ್ವ ಕಡಿಮೆ. ಹಾಗಾಗಿ ಊರವರೆಲ್ಲ ಗಂಡು ಗಿಡಗಳನ್ನು ಪರಾಗ ಹಾರುವ ಮೊದಲೇ ಕೀಳುತ್ತಾರೆ, ಅದು ಹೊಸದೇನಲ್ಲ. ಆದರೆ ಮೊದಲೆಲ್ಲ ಪ್ರತಿ ಮನೆಯೂ ಬೀಜಕ್ಕೆಂದು, ನಾರಿಗೆಂದು ಒಂದು ಪಾತಿಯಲ್ಲಿ ಗಂಡನ್ನು ಉಳಿಸಿಕೊಳ್ಳುತ್ತಿತ್ತು. ನಾಲ್ಕು ವರ್ಷದ ಹಿಂದೆ ಗಡ್ಡದ ವ್ಯಾಪಾರಿಯೊಬ್ಬ ಬಂದ. ಮೇಲೆ ಮಾವಿನ ಹಣ್ಣು, ಸ್ಟ್ರಾಬೆರಿಯ ಚಿತ್ರ ಇದ್ದ ಪೊಟ್ಟಣಗಳನ್ನು ಮನೆಮನೆಗೆ ಹಂಚಿದ. ಹುಟ್ಟುವುದೆಲ್ಲ ಹೆಣ್ಣೇ, ಗಂಡಿನ ಕಾಟವೇ ಇಲ್ಲ ಎಂದ. ಊರು ಮರುಳಾಯಿತು. ಪ್ರತಿ ವರ್ಷ ಹೊಸ ಪೊಟ್ಟಣಕ್ಕೆ ಅವನ ಮುಂದೆಯೇ ಕೈಯೊಡ್ಡಬೇಕು ಎಂಬುದು ಹೊಳೆಯುವ ಹೊತ್ತಿಗೆ ನಿರ್ತುವಿನ ಮನೆ ಬಿಟ್ಟರೆ ಯಾರ ಮನೆಯಲ್ಲೂ ಸ್ವಂತ ಬೀಜ ಉಳಿದಿರಲಿಲ್ಲ. ಗಿಡಗಳೇನೋ ಆಳೆತ್ತರ ಬೆಳೆದವು, ಆದರೆ ಪೊಟ್ಟಣದ ಮೇಲಿದ್ದ ಮಾವಿನ ಹಣ್ಣು ಪೊಟ್ಟಣದ ಮೇಲೆಯೇ ಉಳಿಯಿತು.

ಹಣ್ಣಿನ ವಾಸನೆ ಇದ್ದದ್ದು ನಿರ್ತುವಿನ ಗಿಡಕ್ಕೆ. ಅತ್ತೆಯ ಕಾಲದಿಂದ ಬಂದ ತಳಿ. ಕುಳ್ಳು ಗಿಡ, ದಪ್ಪ ಕಾಂಡ, ಒಂದರ ಮೇಲೊಂದು ಬೆರಳು ಏರಿಸಿ ಕೂತಂಥ ಅಗಲ ಎಲೆ. ಮೊದಲ ಚಳಿ ಬಿದ್ದ ವಾರಕ್ಕೆ ತೊಟ್ಟೆಲ್ಲ ನೇರಳೆಗೆ ತಿರುಗುತ್ತದೆ. ಹೂವನ್ನು ತಿಕ್ಕಿ ಮೂಸಿದರೆ ಮರದ ಬುಡದಲ್ಲಿ ಉದುರಿ ಬಿದ್ದ ಚೂಲಿ, ಅಂದರೆ ಕಾಡು ಏಪ್ರಿಕಾಟ್ ಹಣ್ಣಿನದೇ ವಾಸನೆ, ಸ್ವಲ್ಪ ಹುಳಿ, ಸ್ವಲ್ಪ ಜೇನು. ಬೇರೆ ಮಾಲು ಸೇದಿದವರು ಇಲ್ಲದ್ದೆಲ್ಲ ಹರಟುತ್ತಾರೆ. ಇದನ್ನು ಸೇದಿದವರು ಗೋಡೆಗೆ ಒರಗಿ ಕಾಲು ಚಾಚಿ ಸುಮ್ಮನಾಗುತ್ತಾರೆ. ಕೊನೆಯ ಎರಡು ಚಳಿಗಾಲ ಅತ್ತೆಯ ಮಂಡಿ ಊದಿಕೊಂಡು, ರಾತ್ರಿಯೆಲ್ಲ ನರಳುವಂತಾಗಿತ್ತು. ಜಿಲ್ಲಾ ಆಸ್ಪತ್ರೆಯ ಮಾತ್ರೆ ಕೊಡದ ನಿದ್ದೆಯನ್ನು ಮುದುಕಿಗೆ ಕೊಟ್ಟದ್ದು ಈ ಗಿಡ. ಅದಕ್ಕೇ ನಿರ್ತುವಿಗೆ ಇದರ ಮೇಲೆ ಮಾಲಿನ ಆಸೆಗಿಂತ ಬೇರೆ ಬಗೆಯ ಪ್ರೀತಿ.

ಹೋದ ವರ್ಷ ಪೊಲೀಸರು ಬಂದು ಬೀಜ ಬಲಿಯುವ ಮೊದಲೇ ಅವಳ ಪಾತಿ ಸವರಿದ್ದರು. ಸೋರೆ ಬುರುಡೆಯಲ್ಲಿ ಕಟ್ಟಿಟ್ಟಿದ್ದ ಹಳೆಯ ಬೀಜವನ್ನು ಇಲಿ ತಿಂದು ಒಂದು ಹಿಡಿ ಬಿಟ್ಟಿತ್ತು. ಅಷ್ಟನ್ನೂ ಬಿತ್ತಿದಳು. ಹುಟ್ಟಿ ಉಳಿದದ್ದು ಹನ್ನೊಂದು ಗಿಡ. ಎಂಟು ಹೆಣ್ಣು, ಮೂರು ಗಂಡು. ಬುರುಡೆ ಈಗ ಖಾಲಿ. ಆ ಮೂರನ್ನು ಇವತ್ತು ಕಿತ್ತರೆ ಅತ್ತೆಯ ತಳಿ ಈ ಬೆಟ್ಟದ ಮೇಲೆ ಮುಗಿದಂತೆ.

ಮಧ್ಯಾಹ್ನ ದೇವರ ಅಂಗಳದಲ್ಲಿ ಜನ ಸೇರಿದರು. ಚರ್ಮದ ಬೆಲ್ಟು ಬೂಟುಗಳನ್ನೆಲ್ಲ ಗೋಡೆಯಾಚೆ ಬಿಟ್ಟು ಎಲ್ಲರೂ ಪೂಲ ಮೆಟ್ಟಿದ್ದರು. ಭಂಗಿ ನಾರಿನಿಂದ ಹೆಣೆದ ಆ ಮೆಟ್ಟು ಇಲ್ಲದೆ ಅಲ್ಲಿಗೆ ಕಾಲಿಡುವಂತಿಲ್ಲ. ದೇವರ ಕಾರುಬಾರು ನೋಡುವ ಕಾರ್ದಾರ ಚುನಿ ನೇಗಿ ಕಂಬಕ್ಕೆ ಒರಗಿ ಕೂತಿದ್ದ. ಮೀಸೆ ದೊಡ್ಡದು, ಮಾತು ಯಾವಾಗಲೂ ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ. ನಿರ್ತುವಿನ ಗಂಡ ಲಗ್ನು ಎಲ್ಲರಿಗಿಂತ ಹಿಂದೆ ಮುದುರಿ ಕೂತ.

ದಾಬೆ ರಾಮ ತನ್ನ ಹೂಗೊನೆಯನ್ನು ಎಲ್ಲರಿಗೂ ತೋರಿಸಿ, ತನ್ನ ಹೊಲ ಪೂರಾ ಹಾಳಾಯಿತೆಂದು ಗೋಳಾಡಿದ. ನಿರ್ತು ಎದ್ದು ನಿಂತಳು.

"ಕೊಡು ಇಲ್ಲಿ ಅದನ್ನ." ಹೂಗೊನೆ ಕಸಿದುಕೊಂಡು ಬುಡದವರೆಗೆ ಬಿಡಿಸಿದಳು. "ಕಾರ್ದಾರ್ರೇ, ಕನ್ನಡಕ ಹಾಕ್ಕೊಂಡು ನೋಡಿ. ಹೆಣ್ಣು ಹೂವಿನ ಹೊಟ್ಟೆ ಒಳಗೆ ಈ ಹಳದಿ ಕೊಂಬು ಯಾಕೆ ಬಂತು?"

ನೇಗಿ ಕನ್ನಡಕ ಹಾಕಿಕೊಂಡು ನೋಡಿದ. ಪುಟ್ಟ ಬಾಳೆಕಾಯಿಯಂಥ ಹಳದಿ ಎಸಳುಗಳು ಎರಡು ಮೂರು ಇದ್ದವು.

"ಗಂಡು ಹೂ ಅಲ್ವೇನಮ್ಮ ಇದು?"

"ಹೂಂ. ಅವನ ಹೆಣ್ಣು ಗಿಡಾನೇ ಗಂಡು ಹೂ ಬಿಟ್ಟೈತೆ. ತನ್ನ ಬಸಿರು ತಾನೇ ಆಗೈತೆ. ಯಾಕೆ ಗೊತ್ತಾ? ಕಳ್ಳರು ಬರ್ತಾರೆ ಅಂತ ಹೊಲದ ನಡುವೆ ಸೋಲಾರ್ ದೀಪ ನೆಟ್ಟವ್ನಲ್ಲ, ಅದಕ್ಕೆ. ಹೂ ಕಟ್ಟೋ ಕಾಲದಲ್ಲಿ ಈ ಗಿಡಕ್ಕೆ ಕತ್ತಲೆ ಬೇಕು, ಗವ್ವನ್ನೋ ಕತ್ತಲೆ. ಶ್ರಾವಣ ಕಳೆದ ಮೇಲೆ ನಮ್ಮತ್ತೆ ಹೊಲಕ್ಕೆ ಲಾಟೀನು ತರೋಕೂ ಬಿಡ್ತಿರಲಿಲ್ಲ. ಇವನು ಇರುಳೆಲ್ಲ ಹಗಲು ಮಾಡಿಟ್ಟ. ಗಿಡಕ್ಕೆ ತಲೆ ಕೆಟ್ಟೋಯ್ತು."

ಯಾರೋ ಕಿಸಕ್ಕೆಂದರು. ದಾಬೆ ರಾಮನ ಕಿವಿ ಕೆಂಪಾಯಿತು. "ಬಿಡು ಅತ್ತಿಗೆ, ನೀನ್ಯಾವ ಕಾಲೇಜಲ್ಲಿ ಓದಿದ್ದು?"

"ನಿನಗೆ ಭಂಗಿ ಉಜ್ಜೋದು ಕಲಿಸಿದ್ಯಾರು? ನಾನು. ಆ ಕಾಲೇಜಲ್ಲೇ ಓದಿದ್ದು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ದೀಪ ಕೀಳು ಮೊದಲು."

ನ್ಯಾಯ ಎಂಬುದು ಅಲ್ಲಿದ್ದಿದ್ದರೆ ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಸುತ್ತ ಕೂತವರಿಗೆಲ್ಲ ಪೊಟ್ಟಣದ ಬೀಜವೇ ಗತಿಯಾಗಿತ್ತು, ಎಲ್ಲರ ಹೊಲವೂ ಅವಳ ಪಾತಿಗಿಂತ ಮೇಲೆ, ಗಾಳಿ ಏರಿ ಬರುವ ಕಡೆಯೇ ಇತ್ತು. ತಪ್ಪು ಅವಳದಲ್ಲ ಎಂದು ಎಲ್ಲರಿಗೂ ತಿಳಿಯಿತು, ಭಯ ಮಾತ್ರ ಹೋಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಎಮ್ಮೆಯ ಮೇಲಿನ ಸಿಟ್ಟಿಗೆ ಹಾಕುವುದಿಲ್ಲ, ಎಮ್ಮೆ ಕೈಗೆ ಸಿಗುತ್ತದೆ ಎಂದು ಹಾಕುತ್ತಾರೆ.

ನೇಗಿ ಮೀಸೆ ನೀವಿಕೊಂಡ. "ನಿರ್ತು ಹೇಳೋದ್ರಲ್ಲೂ ಸತ್ಯ ಐತೆ. ದಾಬೆ ಹೊಟ್ಟೆ ಉರಿಯೂ ಸುಳ್ಳಲ್ಲ. ಊರಿನ ಬೆಳೆ ದೊಡ್ಡದು ಕಣಮ್ಮ. ನಾಡಿದ್ದು ಬೆಳಿಗ್ಗೆ ಒಳಗೆ ಆ ಮೂರು ಕಿತ್ತುಬಿಡು. ನೀನು ಕೀಳದಿದ್ರೆ ನಾವು ಕೀಳ್ತೀವಿ. ಊರ ಮಾತು ಮೀರಿದ್ದಕ್ಕೆ ಒಂದು ಆಡು ದಂಡ."

"ಒಂದು ಮಾತು ಕೇಳ್ತೀನಿ ಕಾರ್ದಾರ್ರೇ. ನಿಮ್ಮ ಕಾಲಲ್ಲಿರೋ ಪೂಲ ಯಾವ ನಾರಿಂದು?"

ನೇಗಿ ಕಾಲನ್ನು ನಿಧಾನ ಒಳಗೆಳೆದುಕೊಂಡ.

"ಗಂಡು ಗಿಡದ್ದು. ನಮ್ಮ ಪಾತೀದು. ನನ್ನ ಗಂಡ ಹೆಣೆದದ್ದು. ಹೆಣ್ಣಿನ ನಾರು ಒರಟು, ಕಾಲು ತರಚ್ತದೆ. ಮುಂದಿನ ವರ್ಷ ಪ್ಲಾಸ್ಟಿಕ್ ಚೀಲ ಕಟ್ಕೊಂಡು ದೇವ್ರ ಮುಂದೆ ಬರ್ತೀರೇನು? ನಾನು ಕೀಳಲ್ಲ. ಏನು ಮಾಡ್ಕೊಂತೀರೋ ಮಾಡ್ಕೊಳ್ಳಿ."

ಇಷ್ಟು ಹೇಳಿ ಅವಳು ತಲೆಯ ಮೇಲಿನ ಧಾಟು ಬಟ್ಟೆ ಬಿಗಿದುಕೊಂಡು ಹೊರಟಳು. 

ಮನೆಯಲ್ಲಿ ಲಗ್ನು ಬಾಯಿ ಬಿಟ್ಟ. "ಊರೆಲ್ಲ ಎದುರು ಹಾಕ್ಕೊಂಡು ಬದುಕೋಕಾಗ್ತದಾ? ಮೂರು ಗಿಡ ತಾನೆ, ಹೋಗ್ಲಿ ಬಿಡೆ."

"ನಿಮ್ಮವ್ವಂದು ಕಣ್ರೀ ಅದು. ನಮ್ಮಪ್ಪನ ಮನೆಯಿಂದ ನಾನು ತಂದದ್ದಲ್ಲ. ಸಾಯೋ ಮೊದಲು ಆ ಬುರುಡೆ ಯಾರ ಕೈಗೆ ಕೊಟ್ಟು ಹೋದ್ರು? ನೀವು ಎದುರಿಗೇ ಇದ್ರಿ."

ಲಗ್ನು ನಾರು ಹೊಸೆಯಲು ಕೂತ. ಅವನಿಗೆ ಸಿಟ್ಟು ಬಂದಾಗಲೂ, ನಾಚಿಕೆಯಾದಾಗಲೂ ಮಾಡುವ ಕೆಲಸ ಅದೊಂದೇ. ಈಗ ಬಂದದ್ದು ಯಾವುದು ಎಂದು ನಿರ್ತು ಕೇಳಲಿಲ್ಲ.

ಮರುದಿನ ಅವಳು ಪಾತಿಗೆ ಹೋಗಿ ಗಂಡು ಗಿಡಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಮೊಗ್ಗುಗಳು ಗೊಂಚಲು ಗೊಂಚಲಾಗಿ ಜೋತಿದ್ದವು. ಒಂದನ್ನು ಉಗುರಲ್ಲಿ ಒತ್ತಿ ನೋಡಿದಳು. ಇನ್ನೂ ಗಟ್ಟಿ, ಒಳಗೆ ಹಸಿ. ಒಂದು ಪೂರ್ತಿ ದಿನ ಬಿಸಿಲು ಬಿದ್ದರೆ ನಾಳೆ ಬೆಳಿಗ್ಗೆ ಬಿರಿಯುತ್ತವೆ, ಮೋಡ ಮುಚ್ಚಿದರೆ ಇಲ್ಲ. ಹೆಣ್ಣು ಗಿಡಗಳು ಸಿದ್ಧವಾಗಿದ್ದವು, ಬಿಳಿಯ ಕೂದಲು ಹೊರಚಾಚಿ ಕಾಯುತ್ತಿದ್ದವು. ಕೆಳಗೆ ಹೊಳೆ ಭೋರ್ಗರೆಯುತ್ತಿತ್ತು. ಹಿರಿಯರು ಬೀಜದ ಪಾತಿಯನ್ನು ಹೊಳೆಯಂಚಿನ ತಗ್ಗಿನಲ್ಲಿ ಇಟ್ಟದ್ದು ಸುಮ್ಮನೆ ಅಲ್ಲ. ಬೆಳಗಿನ ಹೊತ್ತು ಗಾಳಿ ಬೆಟ್ಟದಿಂದ ಹೊಳೆಗೆ ಇಳಿಯುತ್ತದೆ, ಊಟದ ಹೊತ್ತು ದಾಟಿದ ಮೇಲೆ ಹೊಳೆಯಿಂದ ಬೆಟ್ಟಕ್ಕೆ ಏರುತ್ತದೆ. ಬೆಳಿಗ್ಗೆಯೇ ಪರಾಗ ಉದುರಿಸಿ ಗಂಡನ್ನು ಕೊಯ್ದುಬಿಟ್ಟರೆ ಮೇಲಿನ ಹೊಲಕ್ಕೆ ಪರಾಗದ ಒಂದು ಕಾಳೂ ಹೋಗುವುದಿಲ್ಲ ಎಂದೇನಲ್ಲ, ಹತ್ತು ಕಾಳು ಹೋದೀತು. ಹತ್ತು ಕಾಳಿಗೆ ಹೆದರಿ ಒಂದು ತಳಿಯನ್ನು ಮುಗಿಸುವ ಬುದ್ಧಿ ಅತ್ತೆಯ ಕಾಲದಲ್ಲಿ ಯಾರಿಗೂ ಇರಲಿಲ್ಲ.

ಮಧ್ಯಾಹ್ನ ಎದುರಿನ ಶಿಖರದ ಮೇಲೆ ಮೋಡ ಕಟ್ಟಿತು. ನಿರ್ತು ಅದನ್ನು ನೋಡಿ ಬಾಯಿಗೆ ಬಂದಂತೆ ಬೈದಳು. ದಾಬೆ ರಾಮನಿಗೆ ಬೈದದ್ದಕ್ಕಿಂತ ಹೆಚ್ಚೇ ಬೈದಳು. ಅರ್ಧ ಗಂಟೆಯ ಮೇಲೆ ಮೋಡ ಚದುರಿ ಬಿಸಿಲು ಬಿತ್ತು. ಸಂಜೆಯವರೆಗೂ ಅವಳು ಅಲ್ಲಿಂದ ಕದಲಲಿಲ್ಲ.

ಗಡುವಿನ ಬೆಳಿಗ್ಗೆ ಅವರು ನಾಲ್ವರು ಇಳಿದು ಬಂದರು. ಮುಂದೆ ನೇಗಿ, ಹಿಂದೆ ಕುಡುಗೋಲು ಹಿಡಿದ ದಾಬೆ ರಾಮ, ಅವನ ಹಿಂದೆ ಮೇಲಿನ ಮನೆಗಳವರು ಇಬ್ಬರು. ಬಿಸಿಲು ಆಗತಾನೆ ಪಾತಿಯನ್ನು ಮುಟ್ಟಿತ್ತು. ನಿರ್ತು ಮೂರು ಗಂಡು ಗಿಡಗಳ ನಡುವೆ, ದೊಡ್ಡದರ ಕಾಂಡಕ್ಕೆ ಕೈ ಹಾಕಿ ನಿಂತಿದ್ದಳು.

"ಸರಿ ಅತ್ತಿಗೆ, ಆಚೆ ಬಾ," ಎಂದ ದಾಬೆ ರಾಮ.

"ಹತ್ರ ಬಾರೋ. ದೂರದಿಂದ ಕೀಳೋಕಾಗ್ತದಾ?"

"ಕೈಗೀಗೆ ಕುಡುಗೋಲು ತಾಕೀತು, ಆಮೇಲೆ ನನ್ನ ಅನ್ನಬೇಡ."

"ತಾಕ್ಲಿ. ಎಲ್ರೂ ಬನ್ನಿ. ಕಾರ್ದಾರ್ರೇ, ನೀವೂ ಬನ್ನಿ, ಸಾಕ್ಷಿ ಬೇಕಲ್ಲ."

ನಾಲ್ವರೂ ಪಾತಿಯನ್ನು ಬಳಸಿ, ಕೆಳಗಿನ ಹೆಣ್ಣು ಗಿಡಗಳ ಸಾಲು ದಾಟಿ ಹತ್ತಿರ ಬಂದರು. ದಾಬೆ ರಾಮ ಕೈ ಚಾಚುವಷ್ಟು ಹತ್ತಿರ ಬಂದಾಗ ನಿರ್ತು ಎರಡೂ ಕೈಯಿಂದ ಗಿಡವನ್ನು ಹಿಡಿದು, ದೆವ್ವ ಬಡಿದವಳಂತೆ ಅಲುಗಿಸಿದಳು.

ಹಳದಿ ಧೂಳು ಬುಗ್ಗೆಂದು ಎದ್ದಿತು. ಬೆಟ್ಟದಿಂದ ಇಳಿಯುತ್ತಿದ್ದ ಗಾಳಿ ಅದನ್ನು ಹೆಣ್ಣು ಗಿಡಗಳ ಮೇಲೆಲ್ಲ ಹರಡಿತು. ದಾಬೆ ರಾಮನ ಟೋಪಿ ಹಳದಿಯಾಯಿತು, ನೇಗಿಯ ಮೀಸೆ ಹಳದಿಯಾಯಿತು, ಹಿಂದಿದ್ದ ಇಬ್ಬರ ಉಣ್ಣೆ ಕೋಟುಗಳು ಹಳದಿಯಾದವು. ಒಬ್ಬ ಸೀನಿದ. ದಾಬೆ ರಾಮ ಟೋಪಿ ಕೊಡವಲು ಕೈ ಎತ್ತಿದ.

"ಕೊಡವಬೇಡ್ವೋ ಮಂಗ!" ಎಂದು ನೇಗಿ ಕೂಗಿಕೊಂಡ. "ಹಾರ್ತದೆ!"

ನಾಲ್ವರೂ ಇದ್ದಲ್ಲೇ ಕಂಬವಾದರು. ಒಂದು ಬಟ್ಟೆಯ ಮಡಿಕೆಯಲ್ಲಿ ಎಷ್ಟು ಪರಾಗ ಕೂರುತ್ತದೆ ಎಂಬುದು ಅವರಿಗೂ ಗೊತ್ತಿತ್ತು, ಅವರೂ ಆ ಬೆಟ್ಟದವರೇ.

"ಈಗ ಕೀಳಿ," ಎಂದಳು ನಿರ್ತು. ಅವಳ ಮುಖ, ಕೈ, ಮೈಮೇಲಿನ ಉಣ್ಣೆಯ ಪಟ್ಟು ಎಲ್ಲ ಹಳದಿ. "ಇನ್ನೂ ಎರಡು ಅವೆ. ಮುಟ್ಟಿ ನೋಡಿ, ಹಂಗೇ ಬಿರಿದು ನಿಂತವೆ."

ಯಾರೂ ಮುಟ್ಟಲಿಲ್ಲ. ಅಷ್ಟರಲ್ಲಿ ದಾರಿಯ ಮೇಲಿಂದ ಲಗ್ನು ಇಳಿದು ಬಂದ. ಹಗ್ಗ ಹಿಡಿದು ಜೊತೆಗೆ ತಂದದ್ದು ಮನೆಯ ಕರಿ ಆಡು, ಇರುವ ಮೂರರಲ್ಲಿ ಹಾಲು ಕೊಡುವುದು ಅದೊಂದೇ. ಯಾರನ್ನೂ ಮಾತಾಡಿಸದೆ ನೇರ ನೇಗಿಯ ಬಳಿಗೆ ಹೋಗಿ ಹಗ್ಗವನ್ನು ಅವನ ಕೈಗೆ ಹಿಡಿಸಿದ. ಗಾಬರಿಯಲ್ಲಿದ್ದ ನೇಗಿ ಹಿಡಿದುಕೊಂಡುಬಿಟ್ಟ.

"ದಂಡ ಕೊಟ್ಟಾಯ್ತು ಕಾರ್ದಾರ್ರೇ," ಎಂದ ಲಗ್ನು. ಅವನ ದನಿ ಒಡೆದಿತ್ತು. "ಹಗ್ಗ ನಿಮ್ಮ ಕೈ ಸೇರ್ತು. ಇನ್ನು ಈ ಮಾತು ಎತ್ತಿದೋರ ಮೇಲೇ ತಪ್ಪು. ನಮ್ಮವ್ವನ ಗಿಡ ಇದು."

ಅದು ಊರಿನ ಕಟ್ಟು. ದಂಡದ ಹಗ್ಗ ಕಾರ್ದಾರನ ಕೈ ಮುಟ್ಟಿದ ಮೇಲೆ ವ್ಯಾಜ್ಯ ತೀರಿತು, ದೇವರೇ ಬಂದರೂ ಮತ್ತೆ ತೆರೆಯುವಂತಿಲ್ಲ. ನೇಗಿ ಹಗ್ಗ ನೋಡಿದ, ಆಡು ನೋಡಿದ, ಹಳದಿಯಾದ ತನ್ನ ಎದೆ ನೋಡಿಕೊಂಡ.

ನಿರ್ತು ಗಂಡನತ್ತ ನೋಡಿದಳು. ಆ ಹಾಲಾಡು ಎಂದರೆ ಅವನಿಗೆ ಜೀವ. ಆದರೆ ಈ ನಾಲ್ವರ ಮುಂದೆ ಕಣ್ಣೀರು ಹಾಕುವ ಹೆಂಗಸು ಅವಳಲ್ಲ.

"ಹಿಂಗೇ ಮೇಲಕ್ಕೆ ಹೋದ್ರೆ ನಿಮ್ಮ ಹೊಲದ ನಡುವೆ ಹಾಯ್ಕೊಂಡು ಹೋಗ್ಬೇಕು," ಎಂದಳು. "ಗಾಳಿ ಹೊತ್ತು ತರ್ತದೆ ಅಂತ ನನಗೆ ಬೈದ್ರಿ. ಈಗ ನೀವೇ ಹೊತ್ಕೊಂಡು ಹೋಗ್ತೀರಾ? ಕೆಳಗೆ ಹೊಳೆ ಐತೆ. ಬಟ್ಟೆ ಸಮೇತ ಮುಳುಗಿ ಬನ್ನಿ."

"ಮಂಜು ಕರಗಿದ ನೀರು ಕಣೆ ಅದು!" ಎಂದ ದಾಬೆ ರಾಮ. ಅಳುವ ಹಾಗಿತ್ತು ದನಿ.

"ಅದಕ್ಕೇ ಹೇಳಿದ್ದು, ಬೇಗ ಮುಳುಗಿ ಬೇಗ ಏಳಿ."

 ನೇಗಿಯೇ ಮೊದಲು ತಿರುಗಿದ. ಎರಡೂ ತೋಳನ್ನು ಮೈಯಿಂದ ದೂರ ಹಿಡಿದು, ಆಡನ್ನು ಎಳೆದುಕೊಂಡು, ಧೂಳು ಏಳದಂತೆ ಒಂದೊಂದೇ ಹೆಜ್ಜೆ ಇಡುತ್ತ ಹೊಳೆಯ ಕಡೆಗೆ ಇಳಿದ. ಅವನ ಹಿಂದೆ ಆ ಇಬ್ಬರು, ಕಡೆಗೆ ದಾಬೆ ರಾಮ. ನಿರ್ತು ಎರಡನೆಯ ಗಂಡು ಗಿಡದ ಕಾಂಡಕ್ಕೆ ಕೈ ಹಾಕಿದಳು.

"ಟೋಪೀನೂ ಮುಳುಗ್ಸೋ ದಾಬೆ!" ಎಂದು ಹೊಳೆಯ ಸದ್ದಿಗೂ ಮೇಲೆ ಕೂಗಿ, ಮೈಯ ಬಲವನ್ನೆಲ್ಲ ಹಾಕಿ ಗಿಡ ಅಲುಗಿಸಿದಳು.