ನೆನೆಯದ ಕರಡಿಗೆ

ಮೆಟ್ಟಿಲ ಕಲ್ಲು ಇಷ್ಟು ತಣ್ಣಗಿರುತ್ತೆ ಅನ್ನುವುದೇ ಮರೆತುಹೋಗಿತ್ತು, ಅಂಗಾಲಿನಿಂದ ಹತ್ತಿ ಮಂಡಿಯವರೆಗೂ ಬಂತು ಚಳಿ, ನಾನಿದ್ದ ಮಾಲ್ಡೀವ್ಸಿನ ಮಾಲೆ ಊರಲ್ಲಿ ಕಲ್ಲು ಹೀಗಲ್ಲ, ಅದು ಕಲ್ಲೇ ಅಲ್ಲ, ಹವಳ, ಸಮುದ್ರದಿಂದ ಎತ್ತುವಾಗ ಮೆತ್ತಗಿರುತ್ತಂತೆ, ಕೊಯ್ದು ಗಾಳಿಗಿಟ್ಟರೆ ಗಟ್ಟಿಯಾಗುತ್ತಂತೆ, ಅದರಲ್ಲೇ ಮನೆ ಗೋಡೆ, ಅದರಲ್ಲೇ ಮುನ್ನೂರು ವರ್ಷದ ಹಳೇ ಮಸೀದಿ, ಗಾರೆಯಿಲ್ಲದೆ ಒಂದಕ್ಕೊಂದು ಕಚ್ಚಿ ನಿಂತ ಗೋಡೆ, ಮೈತುಂಬ ಕೆತ್ತನೆ, ಹೊರಗೆ ನಿಂತೇ ಎಷ್ಟು ಹೊತ್ತು ನೋಡಿದ್ದೆನೋ — ಲೇ ಪುಷ್ಪಾ, ಅಲ್ಲೇ ನಿಂತ್ಕಂಡ್ಯಾ, ಇಳಿಯೇ, ಬುದ್ಧಿಯೋರು ಕಾಯ್ತಾವ್ರೆ, ಅಂತಾಳೆ ಅವ್ವ. ಇಳಿಯುತ್ತೇನೆ. ಚುಂಚನಕಟ್ಟೆಯಲ್ಲಿ ಕಾವೇರಿ ಅವಸರದಲ್ಲಿದ್ದಾಳೆ, ಬಸ್ಸು ತಪ್ಪಿಹೋಗುತ್ತೆ ಅನ್ನುವವಳ ಹಾಗೆ. ಭೇರ್ಯದಿಂದ ನಮ್ಮ ಜೊತೆ ಬಂದ ಬುದ್ಧಿಯೋರು, ನಮ್ಮ ಮನೆ ಗುರುಗಳು, ಕೊನೇ ಮೆಟ್ಟಿಲಲ್ಲಿ ವಿಭೂತಿ, ಬಿಲ್ವಪತ್ರೆ, ಹೊಸ ಲಿಂಗ ಇಟ್ಟುಕೊಂಡು ಕೂತಿದ್ದಾರೆ, ನನ್ನ ಕೊರಳಿನ ಹಳೇ ಲಿಂಗ ಅದನ್ನಿಟ್ಟ ಬೆಳ್ಳಿ ಕರಡಿಗೆಯ ಸಮೇತ ನದಿಗೆ, ಹೊಸದು ಕೊರಳಿಗೆ. ಮೈ ಬಿಟ್ಟ ಲಿಂಗ, ಪರರ ಕೈಗೆ ಹೋದ ಲಿಂಗ, ಇನ್ನು ಕಟ್ಟಿಕೊಳ್ಳುವ ಹಾಗಿಲ್ಲ. ಹೇಳಿದವಳು ನಾನೇ, ಊರಿಗೆ ಬಂದ ದಿನವೇ ಅವ್ವ ರೊಟ್ಟಿ ತಟ್ಟುತ್ತಿದ್ದಾಗ ಎಲ್ಲಾ ಒದರಿಬಿಟ್ಟೆ, ಸುನಾಮಿ ಬಂದದ್ದು, ಲಿಂಗ ಮನೆಯಲ್ಲೇ ಉಳಿದದ್ದು, ನಾನಿದ್ದ ಮನೆಯ ಒಡತಿ ದಹ್ತಾ ತಂದುಕೊಟ್ಟದ್ದು, ಮೆಚ್ಚುತ್ತಾಳೆ ಅಂದುಕೊಂಡಿದ್ದೆನಲ್ಲ ಪೆದ್ದಿ, ಅವ್ವನ ಕೈ ರೊಟ್ಟಿ ಮೇಲೇ ನಿಂತುಹೋಯಿತು. ಹೊಸದು ಕಟ್ಟಿಸ್ಕಳಗಂಟ ನಿನ್ ಕೈ ನೀರು ಮುಟ್ಟಾಕಿಲ್ಲ ಕಣೆ. ಅಂದದ್ದೇ ಅಂದದ್ದು, ಮೂರು ದಿನದಿಂದ ನಾನು ತುಂಬಿಟ್ಟ ಬಿಂದಿಗೆ ಹಾಗೇ ಇದೆ, ಸೊಂಟ ನೋವಿನ ಹೆಂಗಸು ತಾನೇ ನಲ್ಲಿಗೆ ಹೋಗಿ ಬೇರೆ ಬಿಂದಿಗೆ ಹೊತ್ತು ತರುತ್ತಾಳೆ.

ಎಷ್ಟೊತ್ತು ಮೈ ಬುಟ್ಟಿತ್ತು ತಾಯಿ, ಅಂತ ಕೇಳುತ್ತಾರೆ ಬುದ್ಧಿಯೋರು, ಒಂದು ಗಂಟೆ ಬುದ್ಧಿ, ಅಂತೀನಿ. ಒಂದು ಗಂಟೆ — ಅಷ್ಟು ಹೊತ್ತಿನಲ್ಲಿ ಆ ಇಡೀ ರಾಜಧಾನಿಯನ್ನು ಸುತ್ತಿ ಹೊರಟಲ್ಲಿಗೇ ಬರಬಹುದು, ಅಷ್ಟೇ ಅಷ್ಟು ನೆಲ, ಅದಕ್ಕೇ ಇರಬೇಕು ಅದನ್ನು ಅಷ್ಟು ಮುದ್ದು ಮಾಡುತ್ತಾರೆ, ಆರು ವರ್ಷ ಅಲ್ಲಿ ನರ್ಸ್ ಆಗಿದ್ದೆ, ರಾತ್ರಿ ಪಾಳಿ ಮುಗಿಸಿ ಬರುವಾಗ ಹೆಂಗಸರು ಅಂಗಳದ ಬಿಳಿ ಮರಳು ಗುಡಿಸುತ್ತಿರುತ್ತಾರೆ, ಪೊರಕೆಯ ಗೆರೆ ಮೇಲೆ ಕಾಲಿಡಲು ಮನಸ್ಸೇ ಬಾರದು. ಸಂಜೆಯಾದರೆ ಗಂಡಸರ ಕೈಯಲ್ಲಿ ಬಾಲ ಹಿಡಿದು ನೇತಾಡಿಸಿದ ಮೀನು, ಮನೆಮನೆಯಲ್ಲೂ ಅದೇ ಘಮ, ಆದರೆ ದಹ್ತಾ — ಅವರ ಮಾತಲ್ಲಿ ಅಕ್ಕ ಅಂತ — ನನ್ನ ಬೇಳೆಗೆ ಬೇರೆ ಪಾತ್ರೆ, ಬೇರೆ ಸೌಟು ಇಟ್ಟಿದ್ದಳು, ತಾಯಾಣೆ ನನಗಿಂತ ಅವಳಿಗೇ ಮಡಿ ಜಾಸ್ತಿ. ಕೊರಳಲ್ಲಿರೋದೇನು ಅಂತ ಆರು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ, ಅಲ್ಲಿಯ ಕಾನೂನಿಗೆ ಬೇರೆ ದೇವರು ಕಣ್ಣಿಗೆ ಬೀಳುವ ಹಾಗಿಲ್ಲ, ನಾನು ಕುಪ್ಪಸದೊಳಗೇ ಇಟ್ಟಿದ್ದೆ, ಗೊತ್ತಿತ್ತು ಅವಳಿಗೆ. ಅವತ್ತು ಭಾನುವಾರ, ಉಪ್ಪುಗಾಳಿಗೆ ಶಿವದಾರ ಸವೆದುಹೋಗಿತ್ತು, ಹೊಸ ದಾರ ಹಾಕೋಣ ಅಂತ ಕಿಟಕಿಯ ಮೇಲೆ ಬಿಚ್ಚಿಟ್ಟೆ, ಬೀದಿಯಲ್ಲಿ ಕೂಗು, ಏನು ಅಂತ ಹೊರಗೆ ಬಂದೆ, ಬಂದದ್ದೇ ತಪ್ಪು, ತಿರುವಿನಿಂದ ಸಮುದ್ರ ನಡೆದುಕೊಂಡು ಬಂತು, ಜನ ನನ್ನನ್ನು ತಳ್ಳಿಕೊಂಡು ಎದುರು ಮನೆ ಮಹಡಿಗೆ ಹತ್ತಿಸಿದರು, ಮೇಲೆ ನಿಂತು ಕೊರಳು ಮುಟ್ಟಿಕೊಂಡೆ, ಖಾಲಿ, ಜೀವವೇ ಹೋದ ಹಾಗಾಯಿತು. ನೀರು ನಿಂತ ಮೇಲೆ ದಹ್ತಾ ತನ್ನ ಮನೆ ಬಾಗಿಲಿಗೆ ಬಂದಳು, ಮಂಡಿಯುದ್ದ ನೀರು, ಒಂದು ಕೈಯಲ್ಲಿ ತನ್ನ ಮುದುಕಿ ತಾಯಿ, ಇನ್ನೊಂದು ಕೈ ಮೇಲೆ, ತಲೆಗಿಂತ ಮೇಲೆ, ಹಸಿರು ತಲೆವಸ್ತ್ರದಲ್ಲಿ ಗಂಟು ಕಟ್ಟಿದ ಕರಡಿಗೆ.

ಬಿಚ್ಚು ಮಗಾ, ನಿಂಗೊಳ್ಳೇದಾಗ್ಲಿ ಅಂತ್ಲೇಯ, ನಂಗೇನು ಆ ಯಮ್ಮನ ಮ್ಯಾಲೆ ಕ್ವಾಪವಾ — ಅವ್ವನ ಕಣ್ಣಲ್ಲಿ ನೀರಿದೆ, ಅವಳದೂ ಸುಳ್ಳಲ್ಲ. ಪೂರ್ತಿ ಹೇಳಲೇ ಇಲ್ಲವಲ್ಲ ನಾನು, ನಾನು ಲಿಂಗ ಬಿಚ್ಚಿಟ್ಟ ಕೋಣೆಯಲ್ಲಿ ದಹ್ತಾಳದೂ ಒಂದು ಇತ್ತು ಅವ್ವ, ಅವಳ ಅಜ್ಜಿಯ ಅಜ್ಜಿಯ ಕಾಲದ ಮರದ ಡಬ್ಬಿ, ಕೆಂಪು ಕಪ್ಪು ಹಳದಿ ಅರಗು ಹಚ್ಚಿ ಉಗುರಿನಷ್ಟು ಸಣ್ಣ ಹೂ ಕೊರೆದದ್ದು, ನನಗೆ ತೋರಿಸುವಾಗ ಕೈ ತೊಳೆದುಕೊಂಡು ಬರುತ್ತಿದ್ದಳು. ಅದನ್ನೇ ತರಬಹುದಿತ್ತು. ಇದ್ದದ್ದು ಒಂದೇ ಕೈ. ಡಬ್ಬಿ ಬೀದಿಯಲ್ಲಿ ತೇಲಿಹೋಯಿತು, ನಾನೇ ಮೇಲಿಂದ ನೋಡಿದೆ, ಯಾವುದೋ ಅಂದುಕೊಂಡೆ. ಆಮೇಲೆ ಒಂದು ದಿನವಾದರೂ ಎತ್ತಿ ಆಡಲಿಲ್ಲ ಪುಣ್ಯಾತ್ಗಿತ್ತಿ. ಆ ದೇಶದಲ್ಲಿ ಹೊಳೆಯೇ ಇಲ್ಲ, ಕಾವೇರಿ ಬಗ್ಗೆ ಹೇಳಿದಾಗ ಅರ್ಧಂಬರ್ಧ ಹಿಂದಿಯಲ್ಲಿ ಕೇಳಿದ್ದಳು, ಒಂದೇ ಕಡೆ ಹೋಗ್ತಾ ಇರುತ್ತಾ, ವಾಪಸ್ ಬರೋದೇ ಇಲ್ವಾ. ಬರಲ್ಲ ದಹ್ತಾ. ಅವ್ವ ಅಂಗೈ ಚಾಚಿದ್ದಾಳೆ, ಕೊಡು, ಬುದ್ಧಿಯೋರು ಕಣ್ಣು ಮುಚ್ಚಿ ಮಂತ್ರಕ್ಕೆ ತುಟಿ ತೆರೆದಿದ್ದಾರೆ, ಕೊಡಾಕಿಲ್ಲ ಕಣವ್ವ, ಅಂದದ್ದು ನಾನೇ, ನನ್ನದೇ ದನಿ, ಬುದ್ಧಿಯೋರ ತುಟಿ ನಿಂತಿತು, ಅವ್ವನ ಅಂಗೈ ಹಾಗೇ ಇದೆ, ನಾಳೆಯೂ ಅವಳು ನಲ್ಲಿಗೆ ಹೋಗುತ್ತಾಳೆ, ನಾಡಿದ್ದೂ, ಆ ಸೊಂಟ ಇಟ್ಟುಕೊಂಡು, ಕರಡಿಗೆ ಹಿಡಿದ ನನ್ನ ಮುಷ್ಟಿ ಮಾತ್ರ ಬಿಚ್ಚುತ್ತಿಲ್ಲ, ಮಂಡಿಯುದ್ದ ನೀರು, ಮೇಲೆತ್ತಿದ ಕೈ, ಹಸಿರು ಗಂಟು, ಆ ಕೈ, ಒಂದು ಹನಿಯೂ ತಾಕಿಸದೆ ಮೇಲೆತ್ತಿದ ಆ ಕೈ —